ಕರ್ತನ ಮೇಜಿನ ಬಳಿ ಯಾರಿಗೆ ಸ್ಥಳ?

(ಓದತಕ್ಕ ವೇದಭಾಗಗಳು: ೧ ಕೊರಿಂಥ ೧೧:೧೭-೩೪, ಯಾಕೋಬ ೨:೧-೯)

ಕೊರಿಂಥದ ಸಭೆಯವರು ಕರ್ತನ ಭೋಜನಕ್ಕೆ ಕೂಡಿಬರುತ್ತಿದ್ದಾಗ ಅವರಲ್ಲಿ ಒಂದು ಕೆಟ್ಟ ರೂಢಿಯು ಹುಟ್ಟಿತ್ತು. ಇದ್ದವರು ತಾವು ತಂದದ್ದನ್ನು ತಾವೇ ಮುಂದಾಗಿ ಉಂಡು ತೃಪ್ತರಾಗುತ್ತಿದ್ದರು. ಇಲ್ಲದವರು ಹಸಿದು ನಾಚಿಕೊಂಡು ಕೂತಿರುತ್ತಿದ್ದರು. ಇಂಥ ಊಟವು ಕರ್ತನ ಭೋಜನವೇ ಅಲ್ಲವೆಂದು ಅಪೊಸ್ತಲನಾದ ಪೌಲನು ಖಂಡಿತವಾಗಿ ಬರೆದನು. ಪ್ರಾರ್ಥನೆಯ ಮಾತು ತಪ್ಪಿತೆಂದಾಗಲಿ ರಾಗ ಕೆಟ್ಟಿತೆಂದಾಗಲಿ ಅವನು ಇಲ್ಲಿ ದೂರಲಿಲ್ಲ. ಅವರು ಒಬ್ಬರಿಗೊಬ್ಬರು ಕಾಯಲಿಲ್ಲ ಎಂಬದೇ ಅವನ ದೂರು.

ಮೊದಲು ಮಾನ್ವಿಗೆ ಸೇರಿದ್ದು ಈಗ ತಾನೇ ತಾಲೂಕಾಗಿರುವ ಸಿರವಾರದ ಸೀಮೆಯಲ್ಲಿಯೂ ಕಾಯಬೇಕಾದವರು ಇದ್ದಾರೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹಾಯುವ ಗದ್ದೆಗಳಲ್ಲಿ ನಾಟಿಯ ಕಾಲಕ್ಕೆ ಭಾನುವಾರವೆಂದು ಕೆಲಸವು ನಿಲ್ಲುವದಿಲ್ಲ. ಕೂಲಿಯ ಹೆಂಗಸರು ಕಾಲಿನ ಕೆಸರು ತೊಳೆದುಕೊಂಡು ದೇವಾಲಯದ ಬಾಗಿಲಿಗೆ ಬರುವಷ್ಟರಲ್ಲಿ ರೊಟ್ಟಿಯನ್ನು ಮುರಿದು ಹಂಚಿ ಆಗಿರುತ್ತದೆ. ಆ ವಾರಗಳಲ್ಲಿ ಭೋಜನದ ಆರಾಧನೆಯನ್ನು ದೀಪ ಹಚ್ಚಿದ ಮೇಲೆ ನಡಿಸಿದರೆ ಕೆಡುವದೇನು? ಕರ್ತನು ಅದನ್ನು ಮೊದಲು ನೇಮಿಸಿದ್ದು ರಾತ್ರಿಯಲ್ಲಿಯೇ ಅಲ್ಲವೇ.

ನಮ್ಮ ಕಡೆಯ ಬಿಷಪರುಳ್ಳ ಸಭೆಗಳ ವಿಷಯವಾಗಿ ಎರಡು ಮಾತು. ಅಮೇರಿಕದ ಮಿಶನರಿಗಳು ಕಟ್ಟಿದ ಸಭೆಗೆ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯೆಂಬ ಹೆಸರಿತ್ತು. ಎಪಿಸ್ಕೋಪಲ್ ಅಂದರೆ ಬಿಷಪರ ಮೇಲ್ವಿಚಾರಣೆಯುಳ್ಳದ್ದು. ೧೯೩೯ರಲ್ಲಿ ಆ ಮಾತು ಹೆಸರಿನಿಂದ ಬಿಟ್ಟುಹೋಯಿತು, ಬಿಷಪರು ಮಾತ್ರ ಉಳಿದರು. ೧೯೮೧ರಿಂದ ಅದು ಸ್ವತಂತ್ರವಾದ ಭಾರತದ ಮೆಥೊಡಿಸ್ಟ್ ಸಭೆ. ದಕ್ಷಿಣ ಭಾರತ ಸಭೆಯಾದರೋ ೧೯೪೭ನೇ ಸೆಪ್ಟೆಂಬರ್ ೨೭ರಂದು ಮದ್ರಾಸಿನ ಸೆಂಟ್ ಜಾರ್ಜ್ ದೇವಾಲಯದಲ್ಲಿ ಆಂಗ್ಲಿಕನರೂ ಇಂಗ್ಲಿಷ್ ಮಿಶನಿನ ಮೆಥೊಡಿಸ್ಟರೂ ದಕ್ಷಿಣ ಇಂಡಿಯಾ ಐಕ್ಯ ಸಭೆಯವರೂ ಕೂಡಿ ಆದದ್ದು. ಜಾನ್ ವೆಸ್ಲಿಯು ಸಾಯುವ ತನಕ ಆಂಗ್ಲಿಕನ್ ಪಾದ್ರಿಯಾಗಿಯೇ ಇದ್ದು, ೧೭೮೪ರಲ್ಲಿ ಅಮೇರಿಕದ ಮೆಥೊಡಿಸ್ಟರಿಗೆ ಇಂಗ್ಲೆಂಡಿನ ಪ್ರಾರ್ಥನಾಪುಸ್ತಕವನ್ನೇ ತಿದ್ದಿ ಕಳುಹಿಸಿದನು. ಹೀಗಿರಲಾಗಿ ಒಂದು ಸಭೆಯವನು ಇನ್ನೊಂದು ಸಭೆಯ ಊರಿಗೆ ನೆಂಟನಾಗಿ ಹೋದರೆ ಭೋಜನದ ಪ್ರಾರ್ಥನೆಗಳು ಅವನಿಗೆ ತೀರ ಹೊಸದಾಗಿ ಕೇಳಿಸುವದಿಲ್ಲ.

ದಕ್ಷಿಣ ಭಾರತ ಸಭೆಯವರು ೧೯೫೦ರಲ್ಲಿ ಬಳಕೆಗೆ ತಂದ ಕ್ರಮದಲ್ಲಿ ಒಂದು ಸಂಗತಿಯನ್ನು ನಾವು ವಿಶೇಷವಾಗಿ ಗಮನಿಸತಕ್ಕದ್ದು. ರೊಟ್ಟಿಗೆ ಮುಂಚೆ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಕೊಡುವವನು ತನ್ನ ಬಲಗೈಯ ಅಂಗೈಯನ್ನು ಕೊಳ್ಳುವವನ ಬಲ ಅಂಗೈಗೆ ಇಡುತ್ತಾನೆ. ಇಬ್ಬರೂ ಎಡಗೈಯನ್ನು ಮೇಲೆ ಮುಚ್ಚುತ್ತಾರೆ. ಇದು ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಬಹು ಕಾಲದಿಂದ ನಡೆದುಬಂದ ರೂಢಿ. ಪಟ್ಟಣದವರಿಗೆ ಇದು ಬರೀ ಮರ್ಯಾದೆಯಾಗಿ ತೋರಬಹುದು. ಆದರೆ ನಮ್ಮ ಸಭೆಗಳಲ್ಲಿ ಕೂಡುವ ಬಹು ಮಂದಿಯ ಅಜ್ಜ ಅಜ್ಜಿಯರು ಮೇಲಿನಿಂದ ಹೊಯ್ದ ನೀರನ್ನು ಬೊಗಸೆಯೊಡ್ಡಿ ಕುಡಿದವರು; ಚಹದ ಅಂಗಡಿಯ ಹೊರಗೆ ಬೇರೆ ಇಟ್ಟ ಲೋಟವನ್ನು ತಾವೇ ತೊಳೆದಿಟ್ಟವರು. ಮುಟ್ಟಬಾರದೆಂದು ಊರು ಹೇಳಿದ ಕೈಯನ್ನು ಇಲ್ಲಿ ಎರಡು ಕೈಗಳಿಂದ ಹಿಡಿಯುತ್ತಾರೆ. ಆದದರಿಂದ ಆ ಕೈ ಎಲ್ಲಿ ನಿಲ್ಲುತ್ತದೆಂದು ಹಿರಿಯರು ನೋಡಬೇಕು. ಎಡಗೈ ಬಲಗೈ ಎಂಬ ಹಳೇ ಬೇಲಿಯು ನಮ್ಮವರಲ್ಲಿಯೇ ಇದ್ದು, ಸಮಾಧಾನವು ಒಂದು ಸಾಲಿನ ಕೊನೆಗೆ ಬಂದು ಮುಂದಿನ ಚಾಪೆಗೆ ದಾಟದೆ ಹೋಗುವದುಂಟು. ಹೊರಗಿನವರು ನಮ್ಮನ್ನು ದೂರ ಇಟ್ಟರೆಂದು ದೂರುವ ಬಾಯಿ ಆಗ ಏನು ಹೇಳೀತು?

ಪಾತ್ರೆಯ ವಿಷಯದಲ್ಲಿಯೂ ಹಾಗೆಯೇ. ರೋಗದ ಭಯದಿಂದ ಚಿಕ್ಕ ಚಿಕ್ಕ ಬಟ್ಟಲುಗಳಲ್ಲಿ ಕೊಡುವದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಒಣದ್ರಾಕ್ಷಿಯನ್ನು ನೆನೆಹಾಕಿ ಕುದಿಸಿದ ರಸವಾದರೂ ಆದೀತು. ಇಂಥವನ ತುಟಿ ತಗಲಿದ್ದನ್ನು ನಾನು ಮುಟ್ಟೆನು ಎಂಬ ಮನಸ್ಸಿನಿಂದ ಬಟ್ಟಲು ಬೇರೆಯಾದರೆ ಅದು ಬೇರೆ ಮಾತು.

ಇನ್ನು, ಪ್ರತಿ ವಾರವೂ ಬಂದು ಹಿಂದೆ ಕೂರುವ ಮನುಷ್ಯನ ಸಂಗತಿ. ಅವನು ಪ್ರಾರ್ಥಿಸುತ್ತಾನೆ, ಹಾಡುತ್ತಾನೆ, ಸುಗ್ಗಿಯಲ್ಲಿ ಜೋಳದ ಕಾಣಿಕೆ ತರುತ್ತಾನೆ. ದೀಕ್ಷಾಸ್ನಾನ ಮಾತ್ರ ಹೊಂದಿಲ್ಲ. ೧೯೫೦ರ ರಾಷ್ಟ್ರಪತಿಗಳ ಆಜ್ಞೆಯು ಪರಿಶಿಷ್ಟ ಜಾತಿಯ ಸೌಲಭ್ಯವನ್ನು ಹಿಂದೂಗಳಿಗೆ ಕೊಟ್ಟು, ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತರಿಗೆ ಅದು ಇಲ್ಲ. ಮಗನ ವಿದ್ಯೆಯನ್ನೂ ಮಗಳ ನೌಕರಿಯನ್ನೂ ನೆನಸಿ ತಂದೆಯು ಹಿಂಜರಿದರೆ ಅವನನ್ನು ಹೇಡಿಯೆನ್ನಲು ನಮಗೆ ಬಾಯಿ ಬರುವದಿಲ್ಲ. ದೀಕ್ಷಾಸ್ನಾನವನ್ನು ನಾವು ಅಗ್ಗ ಮಾಡುವದಿಲ್ಲ, ಕದ್ದು ಮಾಡಿಸುವದೂ ಸರಿಯಲ್ಲ. ರೊಟ್ಟಿ ಹಂಚುವಾಗ ಅವನೂ ಮುಂದೆ ಬಂದು ತಲೆಬಾಗಲಿ, ಪಾದ್ರಿಯವರು ಕೈಯಿಟ್ಟು ಆಶೀರ್ವದಿಸಲಿ. ಸಮಾಧಾನದ ಕೈಗಾದರೋ ಸಭೆಯ ಪಟ್ಟಿಯಲ್ಲಿ ಹೆಸರು ಹುಡುಕಬೇಕಾದದ್ದಿಲ್ಲ.

ಹಾಡಿನ ಮಾತಿಗೆ ಬರೋಣ. ಹಾಡು ನಮ್ಮ ಸೀಮೆಗೆ ಹೊಸದಲ್ಲ; ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು ಇದೇ ಮಾನ್ವಿಯವರು. ಈ ಜನರ ಕಿವಿ ಪದದ ಧಾಟಿಗೆ ಒಗ್ಗಿದೆ. ಕಿಟ್ಟೆಲ್ ಪಾದ್ರಿಯವರು ಇದನ್ನರಿತೇ ೧೮೬೨ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಥಾಮಾಲೆಯೆಂದು ಬರೆದರು. ಇಂಗ್ಲಿಷ್ ರಾಗದ ಗೀತಗಳನ್ನು ಬಿಡಬೇಕೆಂದು ನಾವು ಹೇಳುವದಿಲ್ಲ, ಅವುಗಳಲ್ಲಿಯೂ ಜನರ ಬಾಯಿಗೆ ಸೇರಿದವು ಉಂಟು. ಗೀತಪುಸ್ತಕ ಓದಲಾರದವರು ಸುಮ್ಮನೆ ಕೂರುವದೇ ನಮಗೆ ಸಂಕಟ. ಒಬ್ಬರು ಸಾಲನ್ನು ಹೇಳಿಕೊಡಲಿ, ಸಭೆಯೆಲ್ಲವೂ ಹಿಂದೆ ಹೇಳಲಿ. ಭಜನೆಯಲ್ಲಿ ನಡೆಯುವದು ಹಾಗೆಯೇ.

ವಾದ್ಯಗಳ ವಿಷಯದಲ್ಲಿ ತಕರಾರು ಹೆಚ್ಚು. ಹಾರ್ಮೋನಿಯಮ್ ಪ್ಯಾರಿಸಿನಲ್ಲಿ ಹುಟ್ಟಿದ್ದು; ಆಕಾಶವಾಣಿಯವರು ಅದನ್ನು ೧೯೪೦ರಿಂದ ೧೯೭೧ರ ತನಕ ಹೊರಗೇ ಇಟ್ಟಿದ್ದರು. ನಮಗೆ ಅದು ದೇವಾಲಯದ ವಾದ್ಯ. ಊರಿನ ಹಲಗೆಯು ಮಾತ್ರ ಬೇಡವಾಗಿದೆ. ನೂರೈವತ್ತನೆಯ ಕೀರ್ತನೆಯಲ್ಲಿ ಬಡಿಯುವ ವಾದ್ಯಗಳಿಗೂ ಕರೆಯುಂಟೆಂದು ಯೌವನಸ್ಥರು ಹೇಳುತ್ತಾರೆ, ಅದು ನಿಜ. ಆದರೆ ಹಿರಿಯರು ಬೇಡವೆನ್ನುವದು ಬರೀ ಹಟದಿಂದಲ್ಲ. ಹೆಣದ ಮುಂದೆಯೂ ಜಾತ್ರೆಯಲ್ಲಿಯೂ ಬಿಟ್ಟಿ ಬಾರಿಸಿದ ಭುಜದ ನೋವು ಆ ಸದ್ದಿನಲ್ಲಿ ಅವರಿಗೆ ಕೇಳಿಸುತ್ತದೆ. ಈ ವಿಷಯವನ್ನು ಪಟ್ಟಣದ ಸಮಿತಿಯವರು ತೀರ್ಮಾನಿಸತಕ್ಕದ್ದಲ್ಲ. ಹಲಗೆ ಬಾರಿಸಿದ ಮುದುಕರನ್ನು ಮೊದಲು ಕೇಳಬೇಕು. ಬೇಡವೆಂದರೆ ತಾಳವೂ ಕೈಚಪ್ಪಾಳೆಯೂ ಸಾಕು. ಒಪ್ಪಿದರೆ, ಹಲಗೆಯನ್ನು ಬೆಂಕಿಗೆ ಕಾಯಿಸಿ ಬಿಗಿಮಾಡುವ ಕೆಲಸವು ಆರಾಧನೆಗೆ ಮುಂಚೆ ಅಂಗಳದಲ್ಲಿಯೇ ಆಗಲಿ. ಬಾರಿಸುವವರಿಗೆ ಬಾಗಿಲ ಬಳಿಯಲ್ಲದೆ ಮುಂದೆ, ಹಾರ್ಮೋನಿಯಮಿನ ಪಕ್ಕದಲ್ಲಿ, ಚಾಪೆ ಹಾಸಿರಿ.