ಹುರುಳಿಕಾಳು ಬಸ್ಸಾರು, ರಾಗಿಮುದ್ದೆ: ಹೊಸಬರಿಗೆ ಹಂತ ಹಂತವಾಗಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮಳೆ ಕಡಿಮೆ. ಬೆದ್ದಲು ಹೊಲದಲ್ಲಿ ಬೆಳೆಯುವುದು ರಾಗಿ, ಹುರುಳಿ, ತೊಗರಿ, ಕಡಲೆಕಾಯಿ. ಖರ್ಚು ಕಡಿಮೆಯಾಗಬೇಕು, ಮೈಗೂ ಹತ್ತಬೇಕು ಎನ್ನುವವರಿಗೆ ಇಷ್ಟೇ ಸಾಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಅಷ್ಟೇ ತೂಕದ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಕೆಲಸಕ್ಕೆಂದು ಬಂದು ರೂಮು ಮಾಡಿಕೊಂಡ ಹುಡುಗರು ಇದನ್ನು ಬಿಟ್ಟು ದಿನಾ ಹೋಟೆಲಿಗೆ ದುಡ್ಡು ಸುರಿಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಕೆಳಗಿನ ಅಳತೆ ಇಬ್ಬರಿಗೆ. ಕಾಳು ನೆನೆದಿದ್ದರೆ ಮುಕ್ಕಾಲು ಗಂಟೆಯಲ್ಲಿ ಊಟಕ್ಕೆ ಕೂರಬಹುದು.

ಹಂತ 1. ಅರ್ಧ ಲೋಟ ಹುರುಳಿಯಲ್ಲಿ ಕಲ್ಲು ಆರಿಸಿ, ತೊಳೆದು, ರಾತ್ರಿಯೇ ನೆನೆಹಾಕಿ.

ಹಂತ 2. ನಾಲ್ಕು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಐದಾರು ಕೂಗು ಕೂಗಿಸಿ. ಪ್ರೆಷರ್ ಇಳಿದ ಮೇಲೆ ಹೆಚ್ಚಿದ ಸೊಪ್ಪು ಎರಡು ಹಿಡಿ, ಉಪ್ಪು ಹಾಕಿ, ಮುಚ್ಚದೆ ಐದು ನಿಮಿಷ ಬೇಯಿಸಿ. ದಂಟಿನ ಸೊಪ್ಪು ವರ್ಷವಿಡೀ ಸಿಗುತ್ತದೆ. ಮಳೆ ಬಿದ್ದ ಮೇಲೆ ಹೊಲದಲ್ಲಿ ಏಳುವ ಅಣ್ಣೆಸೊಪ್ಪು, ಬೆರಕೆಸೊಪ್ಪಿನ ರುಚಿಯೇ ಬೇರೆ, ದುಡ್ಡೂ ಬೇಡ; ಗುರುತು ತಿಳಿದವರ ಜೊತೆ ಹೋಗಿ ಕೀಳಿ.

ಹಂತ 3. ಬಸಿಯಿರಿ. ಕೆಳಗಿಳಿದ ನೀರೇ ಕಟ್ಟು. ಸಾರಿನ ಜೀವ ಅದರಲ್ಲಿದೆ, ಒಂದು ತೊಟ್ಟೂ ಚೆಲ್ಲಬೇಡಿ.

ಹಂತ 4. ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ನಾಲ್ಕು ಒಣಮೆಣಸಿನಕಾಯಿಯನ್ನು ಚೂರು ಎಣ್ಣೆಯಲ್ಲಿ ಹುರಿಯಿರಿ. ಒಂದು ಚಮಚ ಧನಿಯಾ, ಅರ್ಧ ಚಮಚ ಜೀರಿಗೆ, ಸ್ವಲ್ಪ ಕಾಯಿತುರಿ, ಗೋಲಿ ಗಾತ್ರದ ಹುಣಸೆಹಣ್ಣು, ಬಸಿದ ಕಾಳುಸೊಪ್ಪು ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ. ಕಟ್ಟಿಗೆ ಕದಡಿ, ಹಸಿವಾಸನೆ ಹೋಗುವವರೆಗೆ ಕುದಿಸಿ.

ಹಂತ 5. ಉಳಿದ ಕಾಳುಸೊಪ್ಪಿಗೆ ಕಡಲೆಕಾಯಿ ಎಣ್ಣೆ, ಸಾಸಿವೆ, ಬೆಳ್ಳುಳ್ಳಿಯ ಒಗ್ಗರಣೆ. ಪಲ್ಯ ಆಯಿತು. ಮೇಲೆ ನಿಂಬೆಹುಳಿ ಹಿಂಡಿದರೆ ಪಲ್ಯದಲ್ಲಿರುವ ಕಬ್ಬಿಣಾಂಶ ಮೈಗೆ ಚೆನ್ನಾಗಿ ಸೇರುತ್ತದೆ.

ಹಂತ 6. ಈಗ ಮುದ್ದೆ. ಹೊಸಬರು ಹೆದರುವುದು ಇಲ್ಲೇ. ದಪ್ಪ ತಳದ ಪಾತ್ರೆಯಲ್ಲಿ ಎರಡು ಲೋಟ ನೀರಿಟ್ಟು, ಒಂದು ಚಮಚ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಿ. ಎಸರು ಕೊತಕೊತ ಕುದಿಯುವಾಗ ಒಂದು ಲೋಟ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕೈ ಆಡಿಸಬೇಡಿ. ಮುದ್ದೆ ತಿರುವುವ ಕೋಲನ್ನು ಗುಡ್ಡೆಯ ನಡುವೆ ನೆಟ್ಟರೆ ಆ ತೂತಿನಿಂದ ಎಸರು ಉಕ್ಕಿ ಬಂದು ಹಿಟ್ಟಿನ ಮೇಲೆ ಹರಡುತ್ತದೆ. ಸಣ್ಣ ಉರಿಯಲ್ಲಿ ಐದು ನಿಮಿಷ ಹಾಗೇ ಬೇಯಲಿ. ಆಮೇಲೆ ಪಾತ್ರೆಯನ್ನು ಇಳಿಸಿ, ಬಟ್ಟೆಯಿಂದ ಗಟ್ಟಿಯಾಗಿ ಹಿಡಿದು, ಗಂಟುಗಳನ್ನು ಪಾತ್ರೆಯ ಗೋಡೆಗೆ ಒತ್ತಿ ಒಡೆಯುತ್ತಾ ಜೋರಾಗಿ ತಿರುವಿ. ರಟ್ಟೆ ನೋಯುತ್ತದೆ, ನೋಯಲಿ. ಗಂಟು ಉಳಿದರೆ ಒಳಗೆ ಒಣಹಿಟ್ಟು ಉಳಿದಂತೆ. ತೀರಾ ಗಟ್ಟಿಯಾದರೆ ಸ್ವಲ್ಪ ಬಿಸಿನೀರು ಚಿಮುಕಿಸಿ. ಮತ್ತೆ ಒಲೆಗಿಟ್ಟು, ಮುಚ್ಚಿ, ಎರಡು ನಿಮಿಷ ಹಬೆ ಬರಿಸಿ. ಒದ್ದೆ ಬೆರಳಿನಿಂದ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ. ಒದ್ದೆ ಹಲಗೆಯ ಮೇಲೆ ಬಿಸಿ ಇರುವಾಗಲೇ ಉರುಟಾಗಿ ಕಟ್ಟಿ.

ಸಾರು ಮಿಕ್ಕರೆ ಮಾರನೆಯ ದಿನ ಕುದಿಸಿ ಬಳಸಿ, ರುಚಿ ಏರಿರುತ್ತದೆ. ಮುದ್ದೆ ಮಿಕ್ಕರೆ ನೀರಿನಲ್ಲಿ ಮುಳುಗಿಸಿಡಿ. ಬೆಳಗ್ಗೆ ಕಿವುಚಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಸೇರಿಸಿದರೆ ತಿಂಡಿಗೆ ಒಲೆ ಹಚ್ಚಬೇಕಾಗಿಲ್ಲ.