ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜ್‌ಗೆ ಮಾವು ಬೇಡ

ಹಾನಗಲ್ ಸೀಮೆಯ ಆಪೂಸ್ ಒಮ್ಮೆಲೇ ಕೊಯ್ಲಿಗೆ ಬರುತ್ತದೆ. ದರ ಬಿದ್ದಾಗ ಎರಡು ವಾರ ತಡೆದು ಮಾರೋಣ ಎಂದು ಚಿಕ್ಕೇರೂರು ಸುತ್ತಲಿನ ಬೆಳೆಗಾರರಿಗೆ ಅನಿಸುವುದು ಸಹಜ. ಹತ್ತಿರದ ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜ್‌ಗಳೂ ಇವೆ. ಆದರೆ ಅವು ಮುಖ್ಯವಾಗಿ ಒಣಮೆಣಸಿನಕಾಯಿಗಾಗಿ ನಡೆಯುವಂಥವು. ಒಣಗಿದ ಕಾಯಿಗೆ ಚಳಿ ಒಳ್ಳೆಯದು. ಕೆಂಪು ಬಣ್ಣ ಮಾಸದೆ ಉಳಿಯುತ್ತದೆ. ಮಾವಿನಕಾಯಿ ಹಾಗಲ್ಲ, ಕಿತ್ತ ಮೇಲೂ ಉಸಿರಾಡುತ್ತದೆ. ಬಲಿತ ಹಸಿರುಕಾಯಿಯನ್ನು 10 ಡಿಗ್ರಿಗಿಂತ ಕೆಳಗೆ ಹಲವು ದಿನ ಇಟ್ಟರೆ ಅದರ ಜೀವಕೋಶಗಳ ಪೊರೆ ಹಾಳಾಗುತ್ತದೆ. ಸಿಪ್ಪೆಯ ಮೇಲೆ ಬೂದುಗಂದು ಕಲೆ, ಸಣ್ಣ ಕುಳಿ ಬೀಳುತ್ತವೆ. ಹಣ್ಣು ಒಂದೇ ಸಮ ಮಾಗುವುದಿಲ್ಲ, ಪರಿಮಳವೂ ಬರುವುದಿಲ್ಲ.

ಪೀಚ್ ಹಣ್ಣನ್ನು ಸೊನ್ನೆ ಡಿಗ್ರಿಯಲ್ಲೇ ಇಡುತ್ತಾರಲ್ಲ ಎಂದು ಕೆಲವರು ಕೇಳಬಹುದು. ನಿಜ, ಅದು ಚಳಿನಾಡಿನ ಹಣ್ಣು. ಆದರೂ ಅದನ್ನು 2ರಿಂದ 7 ಡಿಗ್ರಿಯ ನಡುವೆ ವಾರಗಟ್ಟಲೆ ಇಟ್ಟರೆ ತಿರುಳು ರಸ ಕಳೆದುಕೊಂಡು ಹಿಟ್ಟುಹಿಟ್ಟಾಗುತ್ತದೆ, ಬೀಜದ ಸುತ್ತ ಕಂದುಗಟ್ಟುತ್ತದೆ. ಸೊನ್ನೆಯ ಹತ್ತಿರ ಇಟ್ಟಾಗ ಈ ಕಾಟ ತಡವಾಗಿ ಬರುತ್ತದೆ. ಚಳಿ ಹೆಚ್ಚಿದಷ್ಟೂ ಹಣ್ಣು ಬಾಳುತ್ತದೆ ಎಂಬ ಲೆಕ್ಕವಾಗಲಿ, ಸ್ವಲ್ಪ ಚಳಿಯಾದರೆ ಅಪಾಯವಿಲ್ಲ ಎಂಬ ಲೆಕ್ಕವಾಗಲಿ ಎಲ್ಲ ಹಣ್ಣಿಗೂ ಹೊಂದುವುದಿಲ್ಲ. ಹಸಿರು ಮಾವಿಗೆ ಸರಿಯಾದದ್ದು 12–13 ಡಿಗ್ರಿ, ಶೇಕಡಾ 85–90 ತೇವಾಂಶ. ಅಲ್ಲಿಯೂ ಎರಡು-ಮೂರು ವಾರವೇ ಮಿತಿ.

ಮೊದಲು ಕಾಯಿ ಬಲಿತಿರಬೇಕು. ತೊಟ್ಟಿನ ಬಳಿ ಭುಜ ಉಬ್ಬಿರಬೇಕು, ನೀರಿಗೆ ಹಾಕಿದರೆ ಮುಳುಗಬೇಕು. ತೇಲುವುದನ್ನು ಬೇರೆ ತೆಗೆಯಿರಿ. ಬೆಳಗಿನ ತಂಪಿನಲ್ಲಿ ತೊಟ್ಟಿನ ಸಮೇತ ಕೊಯ್ದು ನೆರಳಿಗೆ ತನ್ನಿ. ಆಮೇಲೆ ತೊಟ್ಟನ್ನು ಗಿಡ್ಡಗೆ ಕತ್ತರಿಸಿ, ತೊಟ್ಟು ಕೆಳಮುಖವಾಗಿಟ್ಟು ಸೊನೆ ಇಳಿಸಿ. ಸೊನೆ ತಾಗಿದ ಸಿಪ್ಪೆ ಸುಟ್ಟಂತೆ ಕಪ್ಪಾಗುತ್ತದೆ. 52 ಡಿಗ್ರಿ ಬಿಸಿನೀರಿನಲ್ಲಿ 5ರಿಂದ 10 ನಿಮಿಷ ಅದ್ದಿದರೆ ಕೊಳೆರೋಗ ಕಡಿಮೆಯಾಗುತ್ತದೆ. ಒರೆಸಿ ಆರಿಸಿ, ಗಾಳಿಯಾಡುವ ಕ್ರೇಟ್‌ಗೆ ತುಂಬಿ, ತಡಮಾಡದೆ ಕೋಣೆಗೆ ಸೇರಿಸಿ. ಆಪೂಸ್‌ನ ತಿರುಳು ಸ್ಪಂಜಿನಂತಾಗುವ ದೋಷ ಮರದಲ್ಲಿದ್ದಾಗಲೇ ಬಂದಿರುತ್ತದೆ, ಅದನ್ನು ಯಾವ ಕೋಣೆಯೂ ಸರಿಪಡಿಸದು.

ಹೊರತೆಗೆದಾಗ ಹಣ್ಣು ಚೆನ್ನಾಗಿಯೇ ಇತ್ತು ಎನ್ನುವವರಿಗೆ ಒಂದು ಮಾತು. ಚಳಿಯ ಪೆಟ್ಟು ಒಳಗಿದ್ದಾಗ ಅಡಗಿರುತ್ತದೆ. ಹೊರಗಿನ ಬಿಸಿಗೆ ಬಂದ ಮೇಲೆ, ಹೆಚ್ಚಾಗಿ ಗಿರಾಕಿಯ ಮನೆಯಲ್ಲೇ ಹೊರಬೀಳುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಕೆಲವು ಕಾಯಿ ಹೊರಗಿಟ್ಟು ಮಾಗಿಸಿ, ಕೊಯ್ದು ನೋಡಿ. ಕಲೆ ಕಂಡರೆ ಉಳಿದ ಮಾಲನ್ನು ಕೂಡಲೇ ತೆಗೆಯಿರಿ. ಮಾಗಿಸಲು 20–24 ಡಿಗ್ರಿಯ ಕೋಣೆಯಲ್ಲಿ 100 ಪಿಪಿಎಂ ಮೀರದ ಎಥಿಲಿನ್ ಅನಿಲ ಒಂದು ದಿನ ಸಾಕು. ಕ್ಯಾಲ್ಸಿಯಂ ಕಾರ್ಬೈಡ್ ನಿಷಿದ್ಧ, ತಿನ್ನುವವರ ಆರೋಗ್ಯಕ್ಕೂ ಕೇಡು.

ನಾಲ್ಕು ಕ್ರೇಟ್ ಮಾವಿಗಾಗಿ 13 ಡಿಗ್ರಿಯ ಕೋಣೆ ಯಾರು ಕೊಡುತ್ತಾರೆ ಎಂಬ ಆಕ್ಷೇಪಕ್ಕೆ ತೂಕವಿದೆ. ಒಂದೇ ವಾರ ಕೊಯ್ಲಿರುವ ನೆರೆಯವರು ಕೂಡಿ ಒಂದು ಕೋಣೆಯನ್ನೇ ಬಾಡಿಗೆಗೆ ಕೇಳಬಹುದು. ಅದೂ ಆಗದಿದ್ದರೆ ಸಿಕ್ಕ ದರಕ್ಕೆ ಮಾರುವುದೇ ಲೇಸು. ಮೆಣಸಿನಕಾಯಿಯ ಕೋಣೆಗೆ ಹಾಕಿದರೆ ಬಾಡಿಗೆಯೂ ಹೋಗುತ್ತದೆ, ಹಣ್ಣೂ ಹೋಗುತ್ತದೆ.