ಮರಳುಹುಳುವಿನ ಜೀವನವೂ ವಾಸಸ್ಥಾನವೂ

ಎರೆಹುಳುವು ಭೂಮಿಯನ್ನು ಸಡಿಲಗೊಳಿಸಿ ಸಾರವತ್ತಾಗಿ ಮಾಡುವುದೆಂಬುದನ್ನು ವ್ಯವಸಾಯಗಾರರೆಲ್ಲರೂ ಬಲ್ಲರು. ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಎಕರೆಯೊಂದಕ್ಕೆ ವರ್ಷಂಪ್ರತಿ 10 ಟನ್ನಿಗಿಂತಲೂ ಹೆಚ್ಚಾದ ಮಣ್ಣು ಈ ಹುಳುಗಳ ದೇಹದ ಮೂಲಕ ಹಾದು ಮೇಲಕ್ಕೆ ಬರುವುದೆಂದು ಚಾರ್ಲ್ಸ್ ಡಾರ್ವಿನ್ನನು 1881ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಿಳಿಸಿದನು. ಇಂತಹುದೇ ಕಾರ್ಯವನ್ನು ಕಡಲ ದಡದಲ್ಲಿ ನಡೆಯಿಸುವ ಹುಳುವೊಂದುಂಟು. ಎರೆಹುಳುವಿಗೆ ದೂರದ ಬಂಧುವಾದ ಇದನ್ನು ಇಂಗ್ಲಿಷರು ‘ಲಗ್‌ವರ್ಮ್’ ಎನ್ನುವರು. ಇದರ ಶಾಸ್ತ್ರೀಯ ನಾಮವು ‘ಅರೆನಿಕೋಲ ಮರೀನ’. ಸಮುದ್ರದ ಮರಳಿನಲ್ಲಿ ವಾಸಿಸುವುದು ಎಂದು ಅದರ ಅರ್ಥ. ಇಲ್ಲಿ ಇದನ್ನು ಮರಳುಹುಳು ಎಂದು ಹೆಸರಿಸಿದೆ.

ವಾಸಸ್ಥಾನ: ವಾಯವ್ಯ ಯೂರೋಪಿನ ತೀರಗಳಲ್ಲಿ, ಭರತದ ಕಾಲದಲ್ಲಿ ಮುಳುಗಿ ಇಳಿತದಲ್ಲಿ ಬಯಲಾಗುವ ಮರಳು ನೆಲವೂ ಕೆಸರು ಬೆರೆತ ಮರಳು ನೆಲವೂ ಇದಕ್ಕೆ ಮನೆ. ಹಾಲೆಂಡ್, ಜರ್ಮನಿ ಮತ್ತು ಡೆನ್ಮಾರ್ಕ್ ದೇಶಗಳ ಅಂಚಿನಲ್ಲಿರುವ ವಾಡನ್ ಸಮುದ್ರದಲ್ಲಿ ಇದು ಹೇರಳವಾಗಿದೆ. ನೀರು ಇಳಿದಾಗ ಹಗ್ಗದ ಸುರುಳಿಯಂತಹ ಮರಳಿನ ಗುಪ್ಪೆಯೂ, ಸಮೀಪದಲ್ಲಿಯೇ ಆಲಿಕೆಯಂತಹ ತಗ್ಗೂ ಕಾಣುವುವು. ಮೊದಲನೆಯದು ಹುಳುವಿನ ಬಾಲದ ಕಡೆ. ಎರಡನೆಯದು ತಲೆಯ ಕಡೆ. ಇವುಗಳ ನಡುವೆ, ಸುಮಾರು 8ರಿಂದ 16 ಅಂಗುಲ ಆಳದಲ್ಲಿ, ಲೋಳೆಯಿಂದ ಗಿಲಾವು ಮಾಡಿದ ಬಾಗಿದ ಬಿಲವಿರುತ್ತದೆ.

ದೇಹರಚನೆ: ಹುಳುವಿಗೆ ಕಣ್ಣುಗಳಿಲ್ಲ, ಮೀಸೆಗಳಿಲ್ಲ. ದಪ್ಪನಾದ ಮುಂಭಾಗದಲ್ಲಿ ಬಿರುಗೂದಲುಗಳುಳ್ಳ 19 ಖಂಡಗಳಿವೆ. ಇವುಗಳಲ್ಲಿ ಹಿಂದಿನ 13ಕ್ಕೆ ಜೊತೆಜೊತೆಯಾಗಿ ಕೆಂಪು ಕಿವಿರುಗಳುಂಟು. ಬಾಲವು ಸಣ್ಣದಾಗಿ, ಕೂದಲಿಲ್ಲದೆ ಇರುತ್ತದೆ. ರಕ್ತದಲ್ಲಿರುವ ಕೆಂಪು ವಸ್ತುವು ಪ್ರಾಣವಾಯುವನ್ನು ಬಲವಾಗಿ ಹಿಡಿಯುವುದರಿಂದ, ವಾಯು ವಿರಳವಾದ ಬಿಲದಲ್ಲಿಯೂ ಹುಳುವು ಬದುಕಬಲ್ಲದು.

ಆಹಾರ: ಹುಳುವು ಮೈಯನ್ನು ಅಲೆಯಲೆಯಾಗಿ ಉಬ್ಬಿಸಿ ಬಾಲದ ಕಡೆಯಿಂದ ತಲೆಯ ಕಡೆಗೆ ನೀರನ್ನು ತಳ್ಳುವುದು. ಈ ನೀರು ಕಿವಿರುಗಳನ್ನು ತೊಳೆದು, ತಲೆಯ ಮುಂದಿನ ಮರಳನ್ನು ಸಡಿಲಿಸುತ್ತದೆ. ಕುಸಿದುಬಂದ ಮರಳನ್ನು ಹುಳುವು ನುಂಗಿ, ಅದರಲ್ಲಿರುವ ಸೂಕ್ಷ್ಮ ಜೀವಿಗಳನ್ನೂ ಕೊಳೆತ ಪದಾರ್ಥವನ್ನೂ ಜೀರ್ಣಿಸಿಕೊಂಡು, ಉಳಿದುದನ್ನು ಆಗಾಗ್ಗೆ ಬಾಲವೆತ್ತಿ ಹೊರಹಾಕುತ್ತದೆ. ಆ ಸಮಯದಲ್ಲಿಯೇ ಹಕ್ಕಿಗಳೂ ಚಪ್ಪಟೆ ಮೀನುಗಳೂ ಬಾಲವನ್ನು ಕಚ್ಚುವುವು. ತುದಿ ಹೋದರೂ ಹುಳುವು ಸಾಯದು.

ಸಂತಾನ: ಗಂಡು ಹೆಣ್ಣುಗಳು ಬೇರೆ ಬೇರೆ. ಶರತ್ಕಾಲದ ಕೆಲವೇ ದಿನಗಳಲ್ಲಿ ಒಂದು ತೀರದ ಹುಳುಗಳೆಲ್ಲವೂ ಬಹುಮಟ್ಟಿಗೆ ಒಟ್ಟಿಗೆ ಬೀಜ ಬಿಡುತ್ತವೆ. ಇಳಿತದಲ್ಲಿ ಗಂಡು ಮೇಲಕ್ಕೆ ಬಿಟ್ಟ ರೇತಸ್ಸನ್ನು ಭರತದ ನೀರು ಹೆಣ್ಣಿನ ಬಿಲಕ್ಕೆ ಒಯ್ಯುತ್ತದೆ. ಮೊಟ್ಟೆಗಳು ಅಲ್ಲಿಯೇ ಫಲಿಸುವುವು.

ಈ ಉಳುಮೆಯ ಪ್ರಯೋಜನವೇನು? 2002ರಲ್ಲಿ ಜರ್ಮನಿಯ ಸಿಲ್ಟ್ ದ್ವೀಪದಲ್ಲಿ 400 ಚದರ ಮೀಟರಿನ ತಾಕುಗಳಲ್ಲಿ 10 ಸೆಂಟಿಮೀಟರ್ ಆಳಕ್ಕೆ ಸಣ್ಣ ಕಣ್ಣಿನ ಬಲೆಯನ್ನು ಹೂಳಿ ಹುಳುಗಳನ್ನು ದೂರವಿಡಲಾಯಿತು. ಹುಳುಗಳಿಲ್ಲದ ತಾಕುಗಳಲ್ಲಿ ನುಣ್ಣನೆಯ ಕೆಸರು ಸೇರಿ, ಮರಳಿನ ಸಂದುಗಳು ಕಟ್ಟಿಕೊಂಡು, ನೀರು ಹರಿದಾಡುವುದು ಕಡಮೆಯಾಯಿತು. ಆದರೆ ಈ ಕೆಲಸವು ಎಲ್ಲಕ್ಕೂ ಹಿತವಲ್ಲ. ಕಡಲಹುಲ್ಲಿನ ಬೀಜಗಳೂ ಎಳೆಯ ಸಸಿಗಳೂ ಗುಪ್ಪೆಗಳಡಿಯಲ್ಲಿ ಹೂತುಹೋಗುವುದುಂಟು. ಉಳುಮೆಯು ಒಂದಕ್ಕೆ ನೆಲವನ್ನು ಅಣಿಮಾಡಿದರೆ ಮತ್ತೊಂದನ್ನು ಕೀಳುತ್ತದೆ.

ನೆಲವು ಉಸಿರಾಡುವುದೂ ನೀರು ಬಸಿಯುವುದೂ ಅದರೊಳಗಿನ ಪ್ರಾಣಿಗಳನ್ನು ಬಹಳವಾಗಿ ಅವಲಂಬಿಸಿದೆಯೆಂಬುದು ಇದರಿಂದ ವಿದಿತವಾಗುತ್ತದೆ. ಕಡಲತೀರದಲ್ಲಿ ಆಹಾರವನ್ನು ಅಲೆಗಳು ತಂದೊದಗಿಸುತ್ತವೆ. ಹೊಲದ ಎರೆಹುಳುವಿಗೆ ಅದನ್ನು ಒದಗಿಸುವವನು ರೈತನೇ. ಆದುದರಿಂದ ಕೂಳೆ, ತರಗು ಮೊದಲಾದುವನ್ನು ಸುಟ್ಟುಹಾಕದೆ ಕೊಳೆಯಿಸಿ ಭೂಮಿಗೆ ಸೇರಿಸುವುದು ಲೇಸು.